ಸೈಟಿಲ್ಲದ ಸ್ವತ್ತು

ವಿಶ್ವೇಶ್ವರಪುರದಲ್ಲಿ ಹಳೇ ಮನೆ ಮಾರಾಟಕ್ಕಿದೆ ಎಂದರೆ, ಕೊಳ್ಳುವವರು ಒಳಗೆ ಕಾಲಿಡುವುದೇ ಅಪರೂಪ. ಬ್ರೋಕರು ಗೇಟಿನ ಹೊರಗೆ ನಿಂತೇ ಹೇಳಿ ಮುಗಿಸುತ್ತಾನೆ: ನಲವತ್ತು ಅರವತ್ತು, ಮೂಲೆ ಸೈಟು, ಪೂರ್ವದ ಬಾಗಿಲು, ಸಜ್ಜನರಾವ್ ಸರ್ಕಲ್ ಇಲ್ಲೇ, ನ್ಯಾಷನಲ್ ಕಾಲೇಜು ಮೆಟ್ರೊ ಅಲ್ಲೇ. ಒಳಗಿನ ಕೆಂಪು ನೆಲ, ಮೂರು ತಲೆಮಾರಿನ ಪಾದ ಸವೆಸಿದ ತೇಗದ ಹೊಸಿಲು, ಒಂದು ಹನಿಯೂ ಸೋರದ ಮಂಗಳೂರು ಹಂಚಿನ ಮಾಡು, ಇವಕ್ಕೆ ಬೆಲೆಯಲ್ಲಿ ಜಾಗವಿಲ್ಲ. ಇದ್ದರೂ ಅದು ಕಳೆಯುವ ಲೆಕ್ಕ: ಕೆಡವುವುದಕ್ಕೆ ಎಷ್ಟಾಗುತ್ತದೆ, ಕೆಡವುವವನು ಬಾಗಿಲು ಕಿಟಕಿಗೆ ಎಷ್ಟು ಬಿಟ್ಟುಕೊಡುತ್ತಾನೆ. ನಮ್ಮ ಬೀದಿಯ ಮನೆಗಳು ಒಂದೊಂದಾಗಿ ಹೀಗೇ ಹೋದವು. ಮಾರಿದ್ದು ಮನೆ ಎನ್ನುತ್ತೇವೆ, ಕೊಂಡವರು ಕೊಂಡದ್ದು ಮಣ್ಣನ್ನು.

ನಾನು ಬ್ಯಾಂಕಿನಲ್ಲಿದ್ದವನು. ಈ ಲೆಕ್ಕ ನನಗೆ ಹೊಸದಲ್ಲ. ಅಡಮಾನದ ಕಡತಗಳಲ್ಲಿ ಕಟ್ಟಡದ ಆಯಸ್ಸು ಇಳಿಯುತ್ತ ಹೋಗುವುದನ್ನೂ ನೆಲದ ಬೆಲೆ ಏರುತ್ತ ಹೋಗುವುದನ್ನೂ ಎಷ್ಟೋ ಸಲ ಬರೆದಿದ್ದೇನೆ. ಆದರೆ ಅದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಅನಿಸಿದ್ದು, ಒಂದು ಹಳೇ ಬೋಟಿನ ವ್ಯಾಪಾರವನ್ನು ಹತ್ತಿರದಿಂದ ನೋಡಿದ ಮೇಲೆ. ಬೋಟಿಗೆ ಸೈಟಿಲ್ಲ. ಅದರ ಕೆಳಗಿರುವುದು ನೀರು, ಆ ನೀರು ಯಾರ ಹೆಸರಿಗೂ ಇಲ್ಲ. ವಸ್ತು ಹಳತಾದ ಮೇಲೆ ಬೆಲೆಯನ್ನು ಎತ್ತಿ ಹಿಡಿಯಲು ಅಡಿಯಲ್ಲಿ ಮಣ್ಣಿಲ್ಲ. ಇರುವ ಬೆಲೆಯೆಲ್ಲ ಆ ಮರದಲ್ಲಿ, ಆ ಕಬ್ಬಿಣದಲ್ಲಿ, ಅದನ್ನು ಇಷ್ಟು ವರ್ಷ ನೋಡಿಕೊಂಡವರ ಕೈಯಲ್ಲಿ ಇರಬೇಕು. ಇಲ್ಲವಾದರೆ ಎಲ್ಲೂ ಇಲ್ಲ.

ಬೋಟು ಕೊಂಡವನು ನಮ್ಮ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಹುಡುಗ. ಹುಡುಗ ಎನ್ನುವುದು ನನ್ನ ವಯಸ್ಸಿನ ರೂಢಿ, ಅವನಿಗೆ ಮೂವತ್ತು ದಾಟಿದೆ. ಗಂಗೊಳ್ಳಿ ಕಡೆಯ ಮೊಗವೀರರ ಮನೆಯವನು. ಓದು ಅರ್ಧಕ್ಕೆ ನಿಂತ ಮೇಲೆ ಬೆಂಗಳೂರಿಗೆ ಬಂದು, ಇಲ್ಲೇ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ ಗಲ್ಲಾದವರೆಗೆ ಬಂದಿದ್ದ. ಕರಾವಳಿಯಿಂದ ಈ ಭಾಗದ ಅಡುಗೆಮನೆಗಳಿಗೆ ಬರುವ ದಾರಿ ಹಳೆಯದು. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದದ್ದು ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯರಿಂದ. ಬಂದವರು ಇಲ್ಲೇ ನಿಲ್ಲುವುದು ವಾಡಿಕೆ. ಇವನು ಮಾತ್ರ ದಿನಾ ಪಿಗ್ಮಿ ಕಟ್ಟುತ್ತಿದ್ದದ್ದು ವಾಪಸು ಹೋಗಿ ಬೋಟು ಮಾಡುವುದಕ್ಕೆ. ದಿನದ ಚಿಲ್ಲರೆ ಕೂಡಿಸುವ ಆ ಪಿಗ್ಮಿಯೂ ಅವರ ಕಡೆಯದೇ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು, ಆಗ ಅದಕ್ಕೆ ಬೇರೆ ಹೆಸರು, ದಿನಕ್ಕೆ ಎರಡಾಣೆಯಿಂದ ಆರಂಭಿಸಿದ ಯೋಜನೆ.

ಮೊದಲ ಬೋಟು ಹಳೆಯದೇ ಆಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ಹೊಸದೆಂದರೆ ಬರಿಯ ಮೈಯಲ್ಲ: ಎಂಜಿನ್, ಗೇರ್‌ಬಾಕ್ಸ್, ವಿಂಚ್, ಬಲೆ, ಜಿಪಿಎಸ್, ಮೀನಿನ ಹಿಂಡು ತೋರಿಸುವ ಯಂತ್ರ, ವೈರ್‌ಲೆಸ್. ಹೊಸ ಬೋಟಿಗೆ ಬ್ಯಾಂಕು ಸಾಲ ಕೊಡುತ್ತದೆ, ಏಕೆಂದರೆ ಕೊಟೇಶನ್ ಎಂಬ ಕಾಗದವಿರುತ್ತದೆ. ಹಳೇ ಬೋಟಿಗೆ ಕಾಗದದ ಬೆಲೆ ಹೇಳುವವರಿಲ್ಲ. ಕುಂದಾಪುರ ಶಾಖೆಯಲ್ಲಿ ನಾನಿದ್ದ ವರ್ಷಗಳಲ್ಲಿ ಇಂಥ ಅರ್ಜಿ ಬಂದರೆ ನಾವು ಮೃದುವಾಗಿ ಮುಂದೂಡುತ್ತಿದ್ದೆವು. ಅಡಮಾನವಿಟ್ಟ ಸ್ವತ್ತು ಹಗ್ಗ ಬಿಚ್ಚಿಕೊಂಡು ಗೋವಾ ದಾಟಿ ಹೋಗಬಲ್ಲದು ಎಂಬ ಯೋಚನೆಯೇ ಯಾವ ಮ್ಯಾನೇಜರನಿಗೂ ಹಿತವಲ್ಲ. ಹಾಗಾಗಿ ಹಳೇ ಬೋಟಿನ ಹಣ ಬರುವುದು ಮನೆಯ ಚಿನ್ನದಿಂದ, ಸೊಸೈಟಿಯಿಂದ, ಪಾಲುದಾರರಿಂದ. ಇವನದೂ ಹಾಗೇ. ಅವನು, ಅವನ ಸೋದರಮಾವ, ಮಾವನ ಅಳಿಯ, ಮೂವರ ಪಾಲು.

ಪಾಲು ಆ ದಡಕ್ಕೆ ಹೊಸ ವಿಷಯವಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ರಂಪಣಿಯ ಕಾಲದಲ್ಲಿ ಬಲೆಯೇ ಹತ್ತಾರು ಮನೆಗಳದ್ದು. ತೀರದ ಉದ್ದಕ್ಕೂ ಬಿಟ್ಟ ಆ ದೊಡ್ಡ ಬಲೆಯನ್ನು ಎರಡೂ ತುದಿಯಿಂದ ಊರಿಗೆ ಊರೇ ಎಳೆಯುತ್ತಿತ್ತು, ಬಂಗುಡೆಯೂ ಬೈಗೆಯೂ ಪಾಲಾಗಿ ಹಂಚಿಹೋಗುತ್ತಿತ್ತು. ದೋಣಿಗೆ ಎಂಜಿನ್ ಬಂದದ್ದು ಆಮೇಲೆ. 1950ರ ದಶಕದಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾದ ಇಂಡೋ–ನಾರ್ವೇಜಿಯನ್ ಯೋಜನೆ 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಟ್ರಾಲ್‌ಬೋಟು ಬಂತು, 70ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು, ಮೀನು ತೀರಕ್ಕೆ ಬರುವ ಮುಂಚೆಯೇ ಹಿಡಿಯುವವರು ಬಂದಮೇಲೆ ರಂಪಣಿ ಮೂಲೆ ಸೇರಿತು. ಅಲ್ಲಿಂದಾಚೆಗೆ ಕಡಲಿಗಿಳಿಯುವ ಪ್ರತಿಯೊಂದು ಬೋಟಿನ ಹಿಂದೆ ಒಂದೊಂದು ಮನೆಯ ಸಹಿ, ಒಂದೊಂದು ಮನೆಯ ನಿದ್ದೆಗೇಡು. ಎಂಜಿನ್ನು ಮೀನುಗಾರನ ತೋಳಿಗೆ ಬಿಡುವು ಕೊಟ್ಟಿತು, ಆದರೆ ನಷ್ಟವನ್ನು ಹಂಚಿಕೊಳ್ಳುತ್ತಿದ್ದ ತೋಳುಗಳನ್ನೂ ಕಳೆಯಿತು. ಮೂವರು ಸೇರಿ ಹಳೇ ಬೋಟು ಕೊಳ್ಳುವುದರಲ್ಲಿ ಆ ಕಳೆದುಹೋದ ಹಂಚಿಕೆಯ ಒಂದು ಚೂರು ಉಳಿದಿದೆ ಎಂದು ನನಗನಿಸುತ್ತದೆ.

ಬೋಟು ನೋಡಲು ಗಂಗೊಳ್ಳಿಗೆ ನಾನೂ ಹೋಗಿದ್ದೆ. ಜೂನ್ ತಿಂಗಳು, ಬಿಡದ ಮಳೆ. ನೋಡುವುದಕ್ಕೆ ಅದೇ ಕಾಲ. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಹತ್ತು ಎಚ್‌ಪಿ ಒಳಗಿನ ಎಂಜಿನ್ನಿನ ನಾಡದೋಣಿಗಳು ಮಾತ್ರ ದಡದ ಹತ್ತಿರ ಹೋಗಬಹುದು. ಉಳಿದವು ಬಂದರಿನಲ್ಲಿ ಒಂದಕ್ಕೊಂದು ಕಟ್ಟಿಸಿಕೊಂಡು ಸಾಲಾಗಿ ನಿಂತಿರುತ್ತವೆ, ರಿಪೇರಿ ಇರುವವು ದಡ ಹತ್ತಿರುತ್ತವೆ. ಮಾರಾಟದ ಬೋಟು ದಡದಲ್ಲಿತ್ತು. ಮೂವತ್ತೆರಡು ಅಡಿಯ ಸಣ್ಣ ಟ್ರಾಲ್‌ಬೋಟು, ಮರದ ಮೈ, ಮೇಲೆ ಫೈಬರ್ ಹೊದಿಕೆ, ಹಸಿರು ಬಣ್ಣ ಹೊಸದು. ನಾನು ಬಣ್ಣ ಚೆನ್ನಾಗಿದೆ ಎಂದೆ. ಮಾವ ನಲವತ್ತು ವರ್ಷ ಕಡಲಲ್ಲಿ ಕಳೆದವರು, ಅದರಲ್ಲಿ ಹೆಚ್ಚಿನ ಪಾಲು ಬೋಟು ನಡೆಸುವ ತಂಡೇಲರಾಗಿ. ನನ್ನ ಮಾತಿಗೆ ನಕ್ಕರು.

“ಬಣ್ಣ ಯಾರ್ ಬೇಕಾರೂ ಬಳಿತ್ರ್, ಬ್ಯಾಂಕಿನವ್ರೇ. ಅಡಿ ಕಾಣಿ.”

ಅಡಿ ನೋಡುವುದೆಂದರೆ ಕೆಸರಲ್ಲಿ ಅಂಗಾತ ಮಲಗುವುದು. ಅವರು ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋದರು, ಕಿವಿ ಹಲಗೆಯ ಹತ್ತಿರ. ಗಟ್ಟಿ ಇರುವಲ್ಲಿ ಸದ್ದು ಟಣ್ಣನೆ ಮರಳುತ್ತದೆ, ಕೊಳೆತಲ್ಲಿ ಹೀರಿಕೊಂಡು ಸತ್ತುಹೋಗುತ್ತದೆ. ಮರದ ಬೋಟಿಗೆ ಫೈಬರ್ ಹೊದಿಸುವುದರಲ್ಲಿ ಒಂದು ಅಪಾಯವಿದೆ. ಹೊರಗಿನ ಹುಳುವನ್ನು ಅದು ತಡೆಯುತ್ತದೆ. ಉಪ್ಪುನೀರಿನಲ್ಲಿ ಹಲಗೆಯೊಳಗೆ ಬೆರಳು ಗಾತ್ರದ ಸುರಂಗ ಕೊರೆಯುವ ಮರಕೊರಕಗಳಿಗೆ ದಾರಿ ಸಿಗುವುದಿಲ್ಲ. ಆದರೆ ಎಲ್ಲಾದರೂ ಒಂದು ಬಿರುಕಿನಿಂದ ನೀರು ಒಳಸೇರಿದರೆ ಅದಕ್ಕೂ ಹೊರಬರುವ ದಾರಿಯಿಲ್ಲ. ಹೊದಿಕೆ ನುಣ್ಣಗೆ ಹೊಳೆಯುತ್ತಿರುವಾಗಲೇ ಒಳಗೆ ಮರ ಹಿಟ್ಟಾಗುತ್ತಿರುತ್ತದೆ. ಹಿಂದೆ ಹೆಬ್ಬಲಸಿನ ಹಲಗೆಗೆ ಎಣ್ಣೆ ಬಳಿದು, ಸಂದಿಗೆ ರಾಳ ತುಂಬುತ್ತಿದ್ದ ಕಾಲದಲ್ಲಿ ಪ್ರತಿ ಮಳೆಗಾಲವೂ ಕೆಲಸವಿತ್ತು, ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಕೆಲಸ ಕಡಿಮೆ ಮಾಡುವ ಉಪಾಯಗಳು ಸಾಮಾನ್ಯವಾಗಿ ಕಾಣುವುದನ್ನೂ ಕಡಿಮೆ ಮಾಡುತ್ತವೆ.

ಚುಕ್ಕಾಣಿಯ ಪಕ್ಕದಲ್ಲಿ ಅಂಗೈಯಗಲದ ಸತುವಿನ ತುಂಡೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹ ಜೊತೆಗಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಬೋಟನ್ನು ತಳ್ಳುವ ಫ್ಯಾನ್, ಅದರ ಶಾಫ್ಟ್ ಉಳಿಯಲಿ ಎಂದು ಅವಕ್ಕಿಂತ ಬೇಗ ಕರಗುವ ಸತುವನ್ನು ಮುಂದಿಡುತ್ತಾರೆ. ತುಂಡು ಅರ್ಧ ಸವೆದಿತ್ತು. ಮಾವನಿಗೆ ಸಂತೋಷವಾಯಿತು. ಪೂರ್ತಿ ಸವೆದಿದ್ದರೆ ಯಜಮಾನ ಮರೆತಿದ್ದಾನೆ, ಸವೆದೇ ಇಲ್ಲದಿದ್ದರೆ ಮೊನ್ನೆ ಮಾರುವುದಕ್ಕೆಂದೇ ಹಾಕಿದ್ದಾನೆ. ಅರ್ಧ ಸವೆದದ್ದು ಸರಿಯಾದ ಕಾಲಕ್ಕೆ ಯಾರೋ ಬದಲಿಸುತ್ತ ಬಂದಿದ್ದಾರೆ ಎಂಬುದಕ್ಕೆ ಸಾಕ್ಷಿ. ಇಡೀ ಬೋಟಿನಲ್ಲಿ ಮಾರುವವನ ಬಗ್ಗೆ ಅಷ್ಟು ನೇರವಾಗಿ ಮಾತಾಡಿದ್ದು ಆ ಸತುವಿನ ತುಂಡೊಂದೇ.

ಎಂಜಿನ್ ಲಾರಿಯದು, ಅಶೋಕ್ ಲೇಲ್ಯಾಂಡ್. ಬೋಟಿಗೆ ತಕ್ಕಂತೆ ಮಾರ್ಪಡಿಸಿ, ರೇಡಿಯೇಟರಿನ ಬದಲು ಕಡಲ ನೀರಿನಿಂದ ತಣಿಯುವ ಹಾಗೆ ಮಾಡಿ ಇಳಿಸಿದ್ದು. ಎಷ್ಟು ಓಡಿದೆ? ಕಾರಿಗಾದರೆ ಕಿಲೋಮೀಟರಿನ ಸುಳ್ಳಾದರೂ ಇರುತ್ತದೆ, ಇಲ್ಲಿ ಗಂಟೆ ಎಣಿಸುವ ಮೀಟರ್ ಎಂದೋ ನಿಂತಿತ್ತು. ಇಲ್ಲಿ ಮಾತ್ರ ನನ್ನ ಹಳೇ ಉದ್ಯೋಗ ಸ್ವಲ್ಪ ಉಪಯೋಗಕ್ಕೆ ಬಂತು. ಮೀನುಗಾರಿಕೆ ಬೋಟುಗಳಿಗೆ ಸರ್ಕಾರ ಕರರಹಿತ ಡೀಸೆಲ್ ಕೊಡುತ್ತದೆ, ಅದಕ್ಕೆ ಪುಸ್ತಕದಲ್ಲಿ ಲೆಕ್ಕವಿರುತ್ತದೆ. ತಿಂಗಳಿಗೆ ಎಷ್ಟು ಲೀಟರ್ ಎತ್ತಿದ್ದಾರೆ ನೋಡಿ, ಗಂಟೆಗೆ ಎಷ್ಟು ಕುಡಿಯುತ್ತದೆ ಎಂದು ಮಾವನನ್ನು ಕೇಳಿ, ಭಾಗಿಸಿದೆ. ಪುಸ್ತಕದ ಡೀಸೆಲ್ಲೆಲ್ಲ ಎಂಜಿನ್ನಿಗೇ ಹೋಯಿತು ಎಂದು ನಂಬುವುದು ಬೇರೆ ವಿಷಯ.

ಆಯಿಲ್ ಗೇಜ್ ಎಳೆದು ನೋಡಿದರು. ಎಣ್ಣೆ ಕಪ್ಪಾಗಿತ್ತು, ಹಾಲುಹಾಲಾಗಿರಲಿಲ್ಲ. ನೀರು ಸೇರಿಲ್ಲ ಎಂದರ್ಥ. ನೀರಿನ ಪಂಪು ಮಾತ್ರ ಬದಲಿಸಬೇಕಿತ್ತು, ಅದು ಕಂಪನಿಯವರು ಮಾಡುವುದನ್ನೇ ನಿಲ್ಲಿಸಿದ ಮಾದರಿ. ಅಂಥದ್ದು ಸಿಕ್ಕಿದ್ದು ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಕಲಾಸಿಪಾಳ್ಯದ ಲಾರಿ ಸಾಮಾನಿನ ಸಂದಿಯೊಂದರಲ್ಲಿ. ಬೆಂಗಳೂರಿನಲ್ಲಿ ಕಡಲಿಲ್ಲ ಎನ್ನುತ್ತೇವೆ. ಕಡಲಿಗಿಳಿಯುವ ಎಂಜಿನ್ನಿನ ಹಳೇ ಬಿಡಿಭಾಗ ಹುಡುಕಬೇಕಾದರೆ ಜನ ರಾತ್ರಿ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಅಂಗಡಿಯಾತ ಪಂಪನ್ನು ಕೈಯಲ್ಲಿ ತಿರುಗಿಸಿ, ಲಾರಿಯ ನಂಬರ್ ಕೇಳಿದ. ಬೋಟು ಎಂದಾಗ ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ.

ಇಷ್ಟೆಲ್ಲ ಆದರೂ ಬೋಟಿನ ಬಗ್ಗೆ ಗೊತ್ತಾದದ್ದು ಅರ್ಧ. ಅಡಿ ಕಾಣಬೇಕಾದರೆ ಬೋಟು ನೆಲದ ಮೇಲಿರಬೇಕು. ಅದು ಎಂಥ ಬೋಟು ಎಂದು ತಿಳಿಯಬೇಕಾದರೆ ನೀರಿನಲ್ಲಿರಬೇಕು. ಬಲೆ ಎಳೆಯುವಾಗ ಎಂಜಿನ್ ಕಪ್ಪು ಹೊಗೆ ಕಾರುತ್ತದೋ, ಹೊರೆ ಬಿದ್ದಾಗ ಶಾಫ್ಟ್ ನಡುಗುತ್ತದೋ, ಅಲೆಯ ನಡುವೆ ತಿರುಗಿಸಿದರೆ ಎಷ್ಟು ವಾಲುತ್ತದೆ, ಇವು ದಡದಲ್ಲಿ ಗೊತ್ತಾಗುವ ವಿಷಯಗಳಲ್ಲ. ಅದೂ ಐದು ಹೊಳೆಗಳ ನೀರು ಒಟ್ಟಿಗೆ ಕಡಲು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ, ಹೂಳಿನ ದಿಬ್ಬದ ಮೇಲೆ ತೆರೆ ಒಡೆಯುವ ಜಾಗ ದಾಟುವಾಗ, ಬೋಟು ತನ್ನ ಸ್ವಭಾವ ತೋರಿಸುತ್ತದೆ. ನೋಡುವ ಕಾಲ ಜೂನ್, ತಿಳಿಯುವ ಕಾಲ ಆಗಸ್ಟ್. ನಡುವೆ ಕಾನೂನೂ ಮಳೆಯೂ ಕೂಡಿ ಹಾಕಿದ ಬಾಗಿಲು. ಆಗಸ್ಟಿನವರೆಗೆ ಕಾದರೆ ಬೋಟು ಬೇರೆಯವರ ಪಾಲಾಗುತ್ತದೆ, ಏಕೆಂದರೆ ಹೊಸ ಋತುವಿಗೆ ಎಲ್ಲರಿಗೂ ಬೋಟು ಬೇಕು. ಹಾಗಾಗಿ ಮುಂಗಡ ಕೊಡುವುದು ಈ ನಡುಗಾಲದಲ್ಲೇ. ಅರ್ಧ ತಿಳಿದು ಪೂರ್ತಿ ಒಪ್ಪುವುದು.

ಬ್ಯಾಂಕಿನಲ್ಲಿ ಇದನ್ನು ನಾವು ಅಪಾಯ ಎಂದು ಬರೆಯುತ್ತೇವೆ. ಅವರು ಆ ಖಾಲಿ ಜಾಗವನ್ನು ಬೇರೆ ರೀತಿ ತುಂಬಿದರು. ಮಾವ ಮಾರುವವರನ್ನು ಏನೂ ಕೇಳಲಿಲ್ಲ. ಆ ಬೋಟಿನಲ್ಲಿ ಹಿಂದಿನ ವರ್ಷಗಳಲ್ಲಿ ದುಡಿದ ಕಲಾಸಿಯೊಬ್ಬರನ್ನು ಹುಡುಕಿ ಅವರ ಮನೆಗೆ ಹೋದರು. ಮಾಡಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು, ಚಾ ಬಂತು, ಊರಿನ ಮದುವೆ ಮಾತು ಮುಗಿಯಿತು, ಕೊನೆಗೆ ಬೋಟಿನ ಮಾತು.

“ನೀರ್ ಬತ್ತಿಲ್ಲೆ ಅಂದ್ರೆ ಸುಳ್ಳ್,” ಎಂದರು ಆ ಕಲಾಸಿ. “ಬತ್ತ್. ಆರೆ ಒಂದೇ ಬದಿಂದ.”

ಎಂಜಿನ್ ಕೋಣೆಯ ಎಡಬದಿ, ಮೂರನೆಯ ಹಲಗೆ. ದಿನಕ್ಕೆ ಎಷ್ಟು ಬಕೆಟ್ ಎಂದೂ ಹೇಳಿದರು. ಮಾಲೀಕನಿಗೆ ಗೊತ್ತಿರುವುದು ಬೋಟಿನ ಖರ್ಚು. ನೀರು ಎತ್ತಿ ಚೆಲ್ಲಿದವನಿಗೆ ಗೊತ್ತಿರುವುದು ಬೋಟು. ಮರುದಿನ ಆ ಹಲಗೆಯ ಮೇಲೆ ಸುತ್ತಿಗೆ ಇಟ್ಟಾಗ ಸದ್ದು ಸತ್ತೇ ಹೋಯಿತು. ಬೆಲೆ ಇಳಿಯಿತು, ಸಂತೋಷವೂ ಆಯಿತು. ಕೆಟ್ಟದ್ದು ಇರುವ ಜಾಗ ಗೊತ್ತಾದರೆ ಅದು ರಿಪೇರಿ. ಗೊತ್ತಾಗದಿದ್ದರೆ ಮಾತ್ರ ಭಯ.

ಹಳೇ ಬೋಟಿನ ಮಾತು ಬಂದಾಗ ನನಗೆ ನೆನಪಾಗುವ ಒಬ್ಬ ಹೊರದೇಶದವನಿದ್ದಾನೆ, ಜೋಶುವಾ ಸ್ಲೋಕಮ್. 1892ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಅವನಿಗೆ ಒಬ್ಬ ತಿಮಿಂಗಿಲ ಬೇಟೆಯ ಕ್ಯಾಪ್ಟನ್ ಹೊಲದಲ್ಲಿ ಬಿದ್ದಿದ್ದ ಮುದಿ ಹಾಯಿದೋಣಿಯೊಂದನ್ನು ಪುಕ್ಕಟೆ ಕೊಟ್ಟ. ಪುಕ್ಕಟೆಯ ದೋಣಿಗೆ ತಗುಲಿದ್ದು 13 ತಿಂಗಳ ದುಡಿಮೆ ಮತ್ತು 553 ಡಾಲರ್ 62 ಸೆಂಟ್. ಹಲಗೆಗಳನ್ನೆಲ್ಲ ಅವನೇ ಬದಲಿಸಿದ. ಉದ್ದ 36 ಅಡಿ 9 ಅಂಗುಲ. ಗಂಗೊಳ್ಳಿಯ ಸಣ್ಣ ಟ್ರಾಲ್‌ಬೋಟುಗಳ ಪಕ್ಕದಲ್ಲಿ ಕಟ್ಟಿದರೆ ಹೆಚ್ಚು ಎದ್ದು ಕಾಣುತ್ತಿರಲಿಲ್ಲ. 1895ರಲ್ಲಿ ಹೊರಟು 1898ರಲ್ಲಿ ಮರಳುವಷ್ಟರಲ್ಲಿ ಒಬ್ಬನೇ ಅದರಲ್ಲಿ ಭೂಮಿ ಸುತ್ತಿದ್ದ. ಹಾಗೆ ಮಾಡಿದ ಮೊದಲಿಗ ಅವನೇ. ಸೆಂಟಿನವರೆಗೆ ಬರೆದಿಟ್ಟ ಆ ಲೆಕ್ಕ ನನಗೆ ಅವನ ಪ್ರಯಾಣದಷ್ಟೇ ಇಷ್ಟ. 1909ರಲ್ಲಿ ಅದೇ ದೋಣಿಯಲ್ಲಿ ಹೊರಟವನು ಮತ್ತೆ ಕಾಣಲಿಲ್ಲ. ದೋಣಿ ಹಳೆಯದಾದ್ದರಿಂದಲೋ, ಬೇರೆ ಕಾರಣದಿಂದಲೋ, ಹೇಳುವವರು ಯಾರೂ ಉಳಿಯಲಿಲ್ಲ.

ಕಡಲ ಭಯ ತಿಳಿಯಲು ಹುಡುಗನ ತಾಯಿಗೆ ಸ್ಲೋಕಮ್ ಬೇಕಾಗಿರಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಕಾಣೆಯಾಗಿ, ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಕರಾವಳಿಯ ಯಾವ ಮನೆಯೂ ಆ ತಿಂಗಳುಗಳನ್ನು ಮರೆತಿಲ್ಲ. ಬೆಲೆ ಎಷ್ಟಾಯಿತು, ಎಂಜಿನ್ ಯಾವುದು ಎಂದು ಆಕೆ ಕೇಳಲಿಲ್ಲ. ವೈರ್‌ಲೆಸ್ ಇದೆಯೇ, ಲೈಫ್ ಜಾಕೆಟ್ ಎಷ್ಟು, ಎಂದಷ್ಟೇ. ಹಳೇ ಬೋಟಿನ ಜೊತೆ ಬಂದ ಜಾಕೆಟ್‌ಗಳು ಬಣ್ಣಗೆಟ್ಟು ಒಳಗಿನ ಫೋಮ್ ಕುಸಿದಿದ್ದವು. ಎಲ್ಲ ಹಳೆಯದನ್ನೂ ಇಟ್ಟುಕೊಂಡ ವ್ಯಾಪಾರದಲ್ಲಿ ಅವೊಂದನ್ನು ಮಾತ್ರ ಚೌಕಾಸಿಯಿಲ್ಲದೆ ಹೊಸದಾಗಿ ತಂದರು. ಹಳೆಯದನ್ನು ಕೊಳ್ಳುವವನಿಗೆ ಯಾವುದು ಹಳೆಯದಾಗಿರಬಾರದು ಎಂಬ ವಿವೇಕ ಇರಬೇಕಲ್ಲ, ಅದು ಆ ಮನೆಯಲ್ಲಿ ತಾಯಿಯದು.

ಆ ಮಳೆಗಾಲದಲ್ಲೇ ನಮ್ಮ ಎದುರುಮನೆಯೂ ಮಾರಾಟವಾಯಿತು. ಜೆಸಿಬಿ ಬಂತು. ಹಂಚು ಇಳಿಸುವವರು ಬಂದು ಒಂದೊಂದನ್ನೇ ಜೋಡಿಸಿಟ್ಟು ಎಣಿಸಿದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರುಮಾಡಿದ ಕೈಗಾರಿಕೆಯ ಪರಂಪರೆಯ ಆ ಹಂಚುಗಳಲ್ಲಿ ಒಡೆದವು ಕಡಿಮೆ. ಮನೆ ಗಟ್ಟಿಯಾಗಿತ್ತು ಎಂಬುದರಿಂದ ಕೆಡವುವ ಖರ್ಚು ಹೆಚ್ಚಾಯಿತೇ ಹೊರತು ಬೆಲೆ ಹೆಚ್ಚಾಗಲಿಲ್ಲ. ಚೆನ್ನಾಗಿ ಕಟ್ಟಿ ಚೆನ್ನಾಗಿ ನೋಡಿಕೊಂಡದ್ದಕ್ಕೆ ದಂಡ. ಗಂಗೊಳ್ಳಿಯಲ್ಲಿ ಅರ್ಧ ಸವೆದ ಸತುವಿನ ತುಂಡಿಗೆ ಕೊಳ್ಳುವವರು ಬೆಲೆ ಕೊಟ್ಟಿದ್ದರು. ನಮ್ಮ ಬಡಾವಣೆಯವರು ಕೆಟ್ಟವರೆಂದೋ ಅವರು ಒಳ್ಳೆಯವರೆಂದೋ ನಾನು ಹೇಳುತ್ತಿಲ್ಲ. ಬೋಟಿನ ಅಡಿಯಲ್ಲೂ ಸೈಟಿದ್ದಿದ್ದರೆ ಅವರೂ ಅಡಿ ನೋಡುತ್ತಿರಲಿಲ್ಲವೇನೋ.

ಕರಾರು ಬರೆಯಲು ನನ್ನನ್ನೇ ಕೂರಿಸಿದರು. ನೋಂದಣಿ ವರ್ಗಾವಣೆ, ಮೀನುಗಾರಿಕೆ ಲೈಸೆನ್ಸ್, ಡೀಸೆಲ್ ಪುಸ್ತಕ, ಇವುಗಳ ಸಾಲು ಮುಗಿಯಿತು. ಹಣದ ಕೊನೆಯ ಕಂತು ದೀಪಾವಳಿಗೆ, ಅಂದರೆ ಬೋಟು ಕೆಲವು ಸಲ ಅಳಿವೆ ದಾಟಿ ಬಂದ ಮೇಲೆ ಎಂದು ಮಾವ ಹೇಳಿದರು. ಮಾರುವವರು ತಲೆಯಾಡಿಸಿದರು. ನೀರಿನ ಹಲಗೆ ತೋರಿಸಿಕೊಟ್ಟ ಕಲಾಸಿ ಈ ಋತುವಿಗೆ ಅದೇ ಬೋಟಿನಲ್ಲಿ ಪಾಲಿಗೆ ದುಡಿಯುತ್ತಾರೆ ಎಂಬುದೂ ಸೇರಿತು. ಆಮೇಲೆ ಮಾರುವವರು ತಮ್ಮದೂ ಒಂದು ಷರತ್ತಿದೆ ಎಂದರು: ಎಂಜಿನ್ ಮೊದಲ ಸಲ ಕೈಕೊಟ್ಟಾಗ ಮೆಕ್ಯಾನಿಕ್‌ಗಿಂತ ಮುಂಚೆ ತಮಗೆ ಫೋನ್ ಮಾಡಬೇಕು, ಅದಕ್ಕೊಂದು ಅಭ್ಯಾಸವಿದೆ, ಸುಮ್ಮನೆ ಬಿಚ್ಚಿಸಿ ಹಣ ಕಳೆದುಕೊಳ್ಳಬಾರದು. ಕರಾರಿನಲ್ಲಿ ಇಂಥದ್ದನ್ನು ಬರೆಯುತ್ತಾರೆಯೇ ಎಂದು ಹುಡುಗ ನನ್ನ ಮುಖ ನೋಡಿದ. ಲೈಸೆನ್ಸಿನ ಸಾಲಿನ ಕೆಳಗೆ ಅದನ್ನೂ ಬರೆದು, ಮೂವರಿಂದಲೂ ಸಹಿ ಹಾಕಿಸಿದೆ.